ಬಾದಾಮಿ ಕಡೆ ಹೊರಟವರು ನೆಗ್ಗಿಲ ಹೂವನ್ನೂ ನೋಡಿ ಬನ್ನಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೆಚ್ಚಿನವರು ಚಳಿಗಾಲದಲ್ಲಿ ಹೋಗುತ್ತಾರೆ. ನಾವು ಸೆಪ್ಟೆಂಬರ್ ಕೊನೆಗೆ ಹೋಗಿದ್ದು ನೆಗ್ಗಿಲು ಎಂಬ ಮುಳ್ಳುಕಾಯಿಯ ನೆಲಬಳ್ಳಿಗಾಗಿ. ಬಾಗಲಕೋಟೆಯ ಬರಡು ನೆಲಕ್ಕೆ ಒಂದೆರಡು ಹದ ಮಳೆ ಬಿದ್ದರೆ ಸಾಕು, ಇದು ಹುಟ್ಟಿ, ಹಬ್ಬಿ, ಹೂಬಿಟ್ಟು, ಕಾಯಿ ಉದುರಿಸಿ ಒಣಗಿಬಿಡುತ್ತದೆ. ಎಲ್ಲವೂ ಒಂದೇ ಹಂಗಾಮಿನಲ್ಲಿ.

ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ. ಆಟೋ ಸಿಗುತ್ತದೆ. ಗುಹೆಗಳನ್ನು ಸಂಜೆಗೆ ಇಟ್ಟುಕೊಳ್ಳಿ, ಮುಂಜಾನೆಯನ್ನು ಹೂವಿಗೆ ಕೊಡಿ. ಪಟ್ಟದಕಲ್ಲಿನಿಂದ ಐಹೊಳೆಗೆ ಹೋಗುವ ದಾರಿಯಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಹೇಳಿದ್ದೂ ಇದನ್ನೇ: "ಮುಂಜಾನಿ ನೋಡ್ರಿ, ಬಿಸಲೇರಿದ್ರ ಮುಚ್ಕೊಂಡ್ ಬಿಡ್ತೈತಿ."

ಹೊಲದ ಬದು, ರಸ್ತೆಯಂಚು, ಬೀಳು ಜಾಗ ಹುಡುಕಿ. ಬಳ್ಳಿ ನೆಲಕ್ಕೆ ಅಂಟಿಕೊಂಡಂತೆ ಸುತ್ತಲೂ ಹರಡಿರುತ್ತದೆ. ಹೂವು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಅಗಲ, ಹಳದಿ, ಐದು ಎಸಳು. ಆದರೆ ಹಳದಿ ಹೂವು ಅಂದರೆ ಅಲ್ಲಿ ಬೇಕಾದಷ್ಟಿವೆ. ಹಾಗಾಗಿ ಎಲೆ ನೋಡಿ. ಹುಣಸೆ ಎಲೆಯ ಹಾಗೆ ಕಡ್ಡಿಯ ಎರಡೂ ಕಡೆ ಜೋಡಿ ಜೋಡಿ ಕಿರುಎಲೆಗಳು, ಆ ಕಡ್ಡಿ ಪೂರ್ತಿ ಸೇರಿ ಒಂದು ಎಲೆ. ಒಂದು ಗೆಣ್ಣಿನಲ್ಲಿ ಎದುರುಬದುರಾಗಿರುವ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಹೂವು ಬರುವುದು ಆ ಚಿಕ್ಕ ಎಲೆಯ ಕಂಕುಳಲ್ಲಿ. ಇದು ನನಗೆ ತುಂಬಾ ಇಷ್ಟವಾದ ಗುರುತು. ಕೂತು, ಬಗ್ಗಿ ನೋಡದೆ ಕಾಣುವುದೇ ಇಲ್ಲ. ಎಲೆ ಮಗುಚಿದರೆ ಬೆಳ್ಳಗೆ ನವಿರಾದ ಕೂದಲು.

ಕಾಯಿ ಸಿಕ್ಕರೆ ಅನುಮಾನವೇ ಬೇಡ. ಬಲಿತ ಕಾಯಿ ಐದು ಹೋಳಾಗಿ ಬಿರಿಯುತ್ತದೆ. ಪ್ರತಿ ಹೋಳಿಗೂ ಎರಡು ಉದ್ದ, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ! ತೆಳ್ಳನೆ ಚಪ್ಪಲಿ ಬೇಡ, ಗಟ್ಟಿ ಅಟ್ಟೆಯ ಬೂಟು ಹಾಕಿ. ಸೈಕಲ್ ಬಾಡಿಗೆಗೆ ತಗೊಂಡರೆ ಬದುವಿನ ಮೇಲೆ ಓಡಿಸಬೇಡಿ, ಪಂಕ್ಚರ್ ಖಾತ್ರಿ.

ಆನೆ ನೆಗ್ಗಿಲಿನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಗೋಕ್ಷುರ ಎಂಬ ಆಯುರ್ವೇದ ಔಷಧಿಯ ಹೆಸರಲ್ಲಿ ಎರಡನ್ನೂ ಮಾರುತ್ತಾರೆ, ಆದರೆ ಅವು ನೆಂಟರೇ ಅಲ್ಲ. ಆನೆ ನೆಗ್ಗಿಲಿನ ಹೂವು ದೊಡ್ಡದು, ಕೊಳವೆಯಂಥದ್ದು. ಎಲೆ ಒಂಟಿ, ಅಂಚು ಅಲೆ ಅಲೆ. ಕಾಯಿಗೆ ನಾಲ್ಕು ಮೂಲೆ, ಮೂಲೆಗೊಂದು ಮುಳ್ಳು. ಅದರ ಹಸಿ ರೆಂಬೆಯನ್ನು ನೀರಿನಲ್ಲಿ ತಿರುಗಿಸಿದರೆ ನೀರು ಲೋಳೆಯಾಗುತ್ತದೆ. ಇದನ್ನು ಒಮ್ಮೆ ಮಕ್ಕಳಿಗೆ ಮಾಡಿ ತೋರಿಸಿ, ಮರೆಯುವುದಿಲ್ಲ.

ನೆಗ್ಗಿಲಿನ ಫೋಟೋ ತೆಗೆಯುವಾಗ ಹೂವೊಂದನ್ನೇ ತೆಗೆದರೆ ಸಾಲದು. ಎಲೆಯ ಜೋಡಿ, ಕಾಯಿ, ಇಡೀ ಬಳ್ಳಿ, ಪಕ್ಕದಲ್ಲೊಂದು ನಾಣ್ಯ, ಎಲ್ಲವೂ ಬರಲಿ. ಔಷಧಿ ಅಂತ ಕಿತ್ತು ತರಬೇಡಿ. ಇದನ್ನು ಜಾಸ್ತಿ ಮೇಯ್ದ ಕುರಿಗಳಿಗೆ ಲಿವರ್ ಕೆಟ್ಟು, ಬಿಸಿಲಿಗೆ ಮುಖ ಊದುವ ಕಾಯಿಲೆ ಬರುತ್ತದೆ. ವೈದ್ಯರನ್ನು ಕೇಳದೆ ಮನೆಯಲ್ಲಿ ಕಷಾಯ ಮಾಡುವ ಗಿಡವಲ್ಲ ಇದು.