ತೆಳುಗೂದಲಿಗೆ ಏನು ಹಚ್ಚಬೇಕು: ಬಳ್ಳಾರಿಯ ಬೇಸಿಗೆಯಲ್ಲಿ ಹನ್ನೊಂದು ವಾರಗಳ ದಾಖಲೆ

ಮಾರ್ಚ್ 1

ನನಗೆ ಈಗ 39 ವರ್ಷ. ಹಣೆಯ ಎರಡೂ ಪಕ್ಕಗಳಲ್ಲಿ ಕೂದಲು ಹಿಂದಕ್ಕೆ ಸರಿಯತೊಡಗಿ ಎಂಟು ವರ್ಷಗಳಾದವು; ನೆತ್ತಿಯ ಸುಳಿಯ ಸುತ್ತ ತೆಳುವಾಗಿರುವುದು ಮಾತ್ರ ಕಳೆದ ದೀಪಾವಳಿಯಲ್ಲಿ ಹಿಂದಿನಿಂದ ತೆಗೆದ ಒಂದು ಫೋಟೋದಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಚರ್ಮರೋಗ ವೈದ್ಯರು ಪರೀಕ್ಷಿಸಿ, ಇದು ವಂಶಪಾರಂಪರ್ಯವಾಗಿ ಗಂಡಸರಲ್ಲಿ ಕಾಣುವ ಸಾಮಾನ್ಯ ಬಗೆಯ ಕೂದಲುದುರುವಿಕೆ ಎಂದೂ, ಕೂದಲುದುರುವಿಕೆ ಎಷ್ಟು ಮುಂದುವರಿದಿದೆ ಎಂದು ಹೇಳುವ ನಾರ್ವುಡ್ ಅಳತೆಯಲ್ಲಿ ಮೂರನೆಯ ಹಂತ ಎಂದೂ ಚೀಟಿಯಲ್ಲಿ ಬರೆದರು. ಈ ಅಳತೆಯನ್ನು ಹ್ಯಾಮಿಲ್ಟನ್ ಎಂಬ ವೈದ್ಯರು 1951ರಲ್ಲಿ ರೂಪಿಸಿದ್ದು, 1975ರಲ್ಲಿ ನಾರ್ವುಡ್ ಅದನ್ನು ಪರಿಷ್ಕರಿಸಿದರು. ರಾತ್ರಿ ಹಚ್ಚಲು ಶೇಕಡಾ 5ರ ಮಿನಾಕ್ಸಿಡಿಲ್ ದ್ರಾವಣ ಕೊಟ್ಟಿದ್ದಾರೆ. ಚಿಕಿತ್ಸೆ ತನ್ನ ಪಾಡಿಗೆ ನಡೆಯುತ್ತದೆ. ಈ ದಾಖಲೆ ಅದರ ಕುರಿತಾದದ್ದಲ್ಲ. ಇರುವ ಕೂದಲನ್ನು ಬೆಳಿಗ್ಗೆ ಯಾವುದನ್ನು ಹಚ್ಚಿ ಬಾಚಿದರೆ ಅದು ಸಂಜೆಯವರೆಗೆ ಅಚ್ಚುಕಟ್ಟಾಗಿ ನಿಲ್ಲುತ್ತದೆ ಎಂಬುದನ್ನು ತಿಳಿಯುವುದಷ್ಟೇ ನನ್ನ ಉದ್ದೇಶ.

ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಬಟ್ಟೆಯ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಮನೆಯಿಂದ ಘಟಕಕ್ಕೆ ಏಳು ಕಿಲೋಮೀಟರ್ ಬೈಕಿನ ದಾರಿ. ತಲೆಯ ಮೇಲೆ ಹೆಲ್ಮೆಟ್, ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವ ಬಿಸಿಲು, ಒಳಗೆ ಹೊಲಿಗೆ ಯಂತ್ರಗಳ ನಡುವೆ ಹಾರಾಡುವ ಹತ್ತಿಯ ಧೂಳು. ಅಂಗಡಿಯಲ್ಲಿ ಸಿಗುವ ಡಬ್ಬಿಗಳ ಮೇಲಿನ ಮಾತುಗಳಲ್ಲಿ ಈ ಮೂರಕ್ಕೂ ಜಾಗವಿಲ್ಲ. ಆದ್ದರಿಂದ ನಾನೇ ಪರೀಕ್ಷಿಸಿ ನೋಡುವುದೆಂದು ನಿಶ್ಚಯಿಸಿದೆ.

ಪರೀಕ್ಷೆಯ ಕ್ರಮ ಹೀಗಿದೆ. ಒಂದು ವಸ್ತುವಿಗೆ ಐದು ಕೆಲಸದ ದಿನಗಳು. ಪ್ರತಿದಿನ ಬೆಳಿಗ್ಗೆ 8, ಮಧ್ಯಾಹ್ನ 1, ಸಂಜೆ 6 ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ, ಮನೆಯಲ್ಲಾದರೂ ಘಟಕದಲ್ಲಾದರೂ ಒಂದೇ ದೂರದಿಂದ, ನೆತ್ತಿಯ ಫೋಟೋ ತೆಗೆಯಬೇಕು. ಹಚ್ಚುವ ಪ್ರಮಾಣವನ್ನು ತೂಗಬೇಕು. ಬಟ್ಟೆಯ ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬುದನ್ನು, ನೋಡಲು ನಮ್ಮ ವಿಭಾಗದಲ್ಲಿ ಗ್ರಾಂನ ನೂರನೆಯ ಒಂದು ಭಾಗದವರೆಗೆ ತೋರಿಸುವ ತೂಕದ ಯಂತ್ರವಿದೆ. ಮೇಲಧಿಕಾರಿಗಳ ಅನುಮತಿ ಪಡೆದು, ಪ್ರತಿ ಡಬ್ಬಿಯನ್ನು ವಾರದ ಮೊದಲ ದಿನ ಮತ್ತು ಕೊನೆಯ ದಿನ ಅದರ ಮೇಲಿಟ್ಟು, ವ್ಯತ್ಯಾಸವನ್ನು ಐದರಿಂದ ಭಾಗಿಸಿ ಬರೆದುಕೊಳ್ಳುತ್ತೇನೆ.

ಮಾರ್ಚ್ 8

ಮೊದಲ ವಾರ ಏನನ್ನೂ ಹಚ್ಚದೆ ಕಳೆದೆ. ಈ ವಾರದ ಫೋಟೋಗಳೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಪಾಠ ಹೇಳಿದವು. ಪರೀಕ್ಷೆ ಶುರುವಾಗುವ ಹಿಂದಿನ ದಿನ ಸ್ನಾನ ಮಾಡಿ ಎಣ್ಣೆ ಹಚ್ಚಿ ಬಾಚಿದ್ದ ಫೋಟೋದಲ್ಲಿ ಕೂದಲು ಎಳೆ ಎಳೆಯಾಗಿ ಅಂಟಿಕೊಂಡು ನಡುನಡುವೆ ಚರ್ಮ ಬೆಳ್ಳಗೆ ಮಿನುಗುತ್ತಿತ್ತು. ಎಣ್ಣೆಯಿಲ್ಲದ ಒಣಗೂದಲಿನ ಫೋಟೋದಲ್ಲಿ ಅದೇ ತಲೆ, ಅದೇ ಕೂದಲು, ಆದರೆ ನೆತ್ತಿ ಅರ್ಧದಷ್ಟೂ ಕಾಣುತ್ತಿರಲಿಲ್ಲ.

ಕಾರಣ ಸರಳ. ನೋಡುವವರ ಕಣ್ಣು ಕೂದಲನ್ನು ಎಣಿಸುವುದಿಲ್ಲ. ಕಪ್ಪು ಕೂದಲಿಗೂ ಅದರಡಿಯ ತಿಳಿಬಣ್ಣದ ಚರ್ಮಕ್ಕೂ ಇರುವ ಅಂತರವನ್ನು ಗುರುತಿಸುತ್ತದೆ. ನೀರಾಗಲಿ ಎಣ್ಣೆಯಾಗಲಿ ಹತ್ತು ಕೂದಲನ್ನು ಸೇರಿಸಿ ಒಂದು ಕುಚ್ಚು ಮಾಡಿದರೆ ಆ ಹತ್ತೂ ಮುಚ್ಚುತ್ತಿದ್ದ ಜಾಗ ಬಯಲಾಗುತ್ತದೆ, ಮೇಲಿನ ಹೊಳಪು ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ನಮ್ಮಂಥವರ ಕೂದಲು ಸಂಖ್ಯೆಯಲ್ಲಿ ಮಾತ್ರ ಕಡಿಮೆಯಾಗಿರುವುದಲ್ಲ. ಡೈಹೈಡ್ರೋಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನ ಪ್ರಭಾವಕ್ಕೆ ಒಳಗಾದ ಬೇರುಗಳು ಕುಗ್ಗುತ್ತ ಹೋಗಿ, ಪ್ರತಿ ಸುತ್ತಿನಲ್ಲೂ ಹಿಂದಿಗಿಂತ ಸಪೂರವಾದ ಕೂದಲನ್ನು ಹುಟ್ಟಿಸುತ್ತವೆ. ಎಳೆಯ ದಪ್ಪ ಅರ್ಧಕ್ಕಿಳಿದರೆ ಅದು ಬಾಗದೆ ನಿಲ್ಲುವ ಶಕ್ತಿ ಅರ್ಧಕ್ಕಿಳಿಯುವುದಿಲ್ಲ, ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಏಕೆಂದರೆ ಆ ಶಕ್ತಿ ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ದಟ್ಟ ಕೂದಲಿನವರು ಬೆರಳ ತುಂಬ ತೆಗೆದು ಹಚ್ಚುವ ವ್ಯಾಕ್ಸ್ ನಮ್ಮ ತಲೆಯಲ್ಲಿ ಕೂದಲನ್ನು ಚರ್ಮಕ್ಕೆ ಒರಗಿಸಿ ಮಲಗಿಸಿಬಿಡುವುದು ಇದರಿಂದಲೇ. ಆದ್ದರಿಂದ ಹೊಳಪಿಲ್ಲದ್ದು, ಹಗುರವಾದದ್ದು, ಒಣಗೂದಲಿಗೆ ಹಚ್ಚುವಂಥದ್ದು ಎಂಬ ಮೂರು ಲಕ್ಷಣಗಳನ್ನೇ ಮುಂದಿನ ಹುಡುಕಾಟಕ್ಕೆ ಒರೆಗಲ್ಲಾಗಿಸಿಕೊಂಡೆ.

ಎಣ್ಣೆಯನ್ನು ಬಿಡುವ ಮಾತಿಗೆ ಅಮ್ಮ ಒಪ್ಪಲಿಲ್ಲ, ಅವರ ಮಾತಿನಲ್ಲಿ ಹುರುಳೂ ಇದೆ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ ಎಂಬುದನ್ನು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದು ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್‌ಗಳ ಜೊತೆ ಹೋಲಿಸಿ ತೋರಿಸಿದೆ. ಕೊನೆಗೆ ಭಾನುವಾರ ತಲೆಸ್ನಾನಕ್ಕೆ ಎರಡು ಗಂಟೆ ಮುಂಚೆ ಎಣ್ಣೆ ಹಚ್ಚುವುದು, ಕೆಲಸದ ದಿನ ಹಚ್ಚದಿರುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು.

ಮಾರ್ಚ್ 22

ಎರಡು ವಾರಗಳಲ್ಲಿ ಎರಡು ವಸ್ತುಗಳು ಮುಗಿದವು. ಮೊದಲನೆಯದು ಅಪ್ಪನ ಕಾಲದ ಬ್ರಿಲ್‌ಕ್ರೀಮ್. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಈ ಕ್ರೀಮು ಮೂಲತಃ ನೀರು ಮತ್ತು ಮಿನರಲ್ ಆಯಿಲ್ ಅನ್ನು ಜೇನುಮೇಣದ ನೆರವಿನಿಂದ ಬೆರೆಸಿದ ಮಿಶ್ರಣ. ಅಪ್ಪನ ತಲೆಯ ಮೇಲೆ ಅದು ಎಷ್ಟು ಚೆಂದ ಕೂರುತ್ತಿತ್ತೆಂಬುದು ನನಗೆ ಇಂದಿಗೂ ನೆನಪಿದೆ, ಆದರೆ ಅವರದು ಕೊನೆಯವರೆಗೂ ದಟ್ಟ ಕೂದಲು. ದಿನಕ್ಕೆ 1.1 ಗ್ರಾಂ ಹಚ್ಚಿದ ನನ್ನ ತಲೆಯಲ್ಲಿ ಮಧ್ಯಾಹ್ನದ ಫೋಟೋ ಎಣ್ಣೆ ಹಚ್ಚಿದ ದಿನದ ಫೋಟೋಗಿಂತ ಬೇರೆಯಾಗಿರಲಿಲ್ಲ.

ಎರಡನೆಯದು ಪಾರದರ್ಶಕ ಹೇರ್ ಜೆಲ್. ಬೆಳಿಗ್ಗೆ ಹಿಡಿತ ಗಟ್ಟಿಯಾಗಿಯೇ ಇತ್ತು. ಹತ್ತು ಗಂಟೆಗೆ ಹೆಲ್ಮೆಟ್ ತೆಗೆದು ಬಾಚಣಿಗೆ ಆಡಿಸಿದಾಗ ಕಪ್ಪು ಡೆನಿಮ್ ತುಂಡಿನ ಮೇಲೆ ಬಿಳಿ ಹೊಟ್ಟು ಉದುರಿತು. ತಲೆಹೊಟ್ಟೆಂದು ಗಾಬರಿಯಾಗಿ ಬೆರಳಿನಿಂದ ಒತ್ತಿ ನೋಡಿದೆ: ಗಾಜಿನ ಚೂರಿನಂತೆ ಪುಟಿದು ಒಡೆಯಿತು, ಒಂದು ಹನಿ ನೀರು ತಾಗಿಸಿದೊಡನೆ ಅಂಟಾಗಿ ಕರಗಿತು. ಜೆಲ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿವಿಪಿ ಎಂಬ ಪಾಲಿಮರ್ ಒಣಗಿ ಕೂದಲ ಮೇಲೆ ಪೊರೆ ಕಟ್ಟುತ್ತದೆ. ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವವಿರುವಲ್ಲಿ ಅಂಟಂಟಾಗುತ್ತದೆ, ನಮ್ಮ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಪೆಡಸಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಇದನ್ನು ಕರಾವಳಿಯ ಗೆಳೆಯರು ಹೊಗಳಿದ್ದನ್ನು ಕೇಳಿ ಕೊಂಡಿದ್ದೆ. ಅವರ ಅನುಭವ ಸುಳ್ಳಲ್ಲ, ಅದು ಅವರ ಹವೆಗೆ ಸೇರಿದ್ದು.

ಮಾರ್ಚ್ 29

ಈ ವಾರ ಯಾವ ಡಬ್ಬಿಯನ್ನೂ ತೆರೆಯಲಿಲ್ಲ. ಕಟಿಂಗ್ ಅಂಗಡಿಗೆ ಹೋದೆ. ಹದಿನೈದು ವರ್ಷಗಳಿಂದ ನನ್ನ ಕ್ರಾಪು ಮಾಡುತ್ತಿರುವ ಅಣ್ಣನವರಿಗೆ ಫೋಟೋಗಳನ್ನು ತೋರಿಸಿದಾಗ ಅವರು ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ, "ತಮ್ಮಾ, ಮ್ಯಾಲೆ ಉದ್ದ ಬಿಟ್ಟಷ್ಟೂ ಅದು ತನ್ನ ಭಾರಕ್ಕ ತಾನ ಒಡದು ದಾರಿ ಬಿಡತೈತಿ. ಪಕ್ಕದಾಗ ಸಣ್ಣ ಮಾಡಿದ್ರ ನಡುವಿಂದು ದಟ್ಟ ಕಾಣತೈತಿ, ನೋಡು," ಎಂದರು. ಪಕ್ಕಗಳಿಗೆ ಎರಡನೆಯ ನಂಬರಿನ ಮಿಷನ್, ಅಂದರೆ 6 ಮಿಲಿಮೀಟರ್; ಮೇಲೆ ಸುಮಾರು 3 ಸೆಂಟಿಮೀಟರ್ ಉಳಿಸಿ, ಬೈತಲೆಯ ಗೆರೆಯನ್ನು ಪೂರ್ತಿ ತೆಗೆದು, ಕತ್ತರಿಯನ್ನು ನೇರ ಹಿಡಿದು ತುದಿಗಳನ್ನು ಹೆಚ್ಚುಕಡಿಮೆ ಮಾಡಿ ಬಿಟ್ಟರು. ಏನನ್ನೂ ಹಚ್ಚದ ಆ ಸಂಜೆಯ ಫೋಟೋ ಅಲ್ಲಿಯವರೆಗಿನ ಎಲ್ಲ ಫೋಟೋಗಳಿಗಿಂತ ಚೆನ್ನಾಗಿ ಬಂದಿದೆ. ಡಬ್ಬಿಗೆ ದುಡ್ಡು ಹಾಕುವ ಮುನ್ನ ಕ್ರಾಪು ಸರಿಮಾಡಿಸಿಕೊಳ್ಳಬೇಕಿತ್ತು; ನಾನು ಕ್ರಮ ತಪ್ಪಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಈ ಅಳತೆ ಉಳಿಯಬೇಕಾದರೆ ಮೂರು ವಾರಕ್ಕೊಮ್ಮೆ ಅಂಗಡಿಗೆ ಹೋಗಲೇಬೇಕು.

ಏಪ್ರಿಲ್ 12

ಹೇರ್ ಕ್ಲೇ, ಅಂದರೆ ಜೇಡಿಮಣ್ಣು ಬೆರೆಸಿದ ಲೇಪ, ಎರಡು ವಾರ ಹಚ್ಚಿದೆ. ಡಬ್ಬಿಯ ಮೇಲೆ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಕ್ಲೇ ಎಂಬ ಹೆಸರಿಟ್ಟುಕೊಂಡ ಎಷ್ಟೋ ಡಬ್ಬಿಗಳಲ್ಲಿ ಪೆಟ್ರೋಲೇಟಮ್, ಅಂದರೆ ವ್ಯಾಸಲಿನ್‌ನಂಥ ಜಿಡ್ಡು, ಮೊದಲ ಸ್ಥಾನದಲ್ಲಿದ್ದು ಮಣ್ಣು ಪಟ್ಟಿಯ ಬಾಲದಲ್ಲಿರುತ್ತದೆ. ಅಂಥವನ್ನು ಕೆಳಗಿಟ್ಟು, ಕೇಯೋಲಿನ್ ಮತ್ತು ಬೆಂಟೊನೈಟ್ ಎಂಬ ಜೇಡಿಮಣ್ಣುಗಳು ಮೊದಲ ನಾಲ್ಕೈದು ಹೆಸರುಗಳೊಳಗೆ ಇರುವ ಒಂದನ್ನು ಆರಿಸಿದೆ.

ಬೆಂಟೊನೈಟ್ ನಮಗೆ ಪರಕೀಯವಾದ ವಸ್ತುವೇನಲ್ಲ. ಅದರ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಸಿರುಗುಪ್ಪದ ಕಡೆ ಮಳೆಗೆ ಉಬ್ಬಿ ಕಾಲಿಗೆ ಅಂಟುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನಮ್ಮ ಎರೆಮಣ್ಣಿನ ಸ್ವಭಾವವೂ ಅದೇ ಗುಂಪಿನ ಖನಿಜಗಳಿಂದ ಬಂದದ್ದು. ಹಾಳೆಗಳಂತೆ ಪದರ ಪದರವಾಗಿರುವ ಆ ಕಣಗಳು ನೀರನ್ನೂ ಜಿಡ್ಡನ್ನೂ ಹಿಡಿದಿಟ್ಟುಕೊಳ್ಳುತ್ತವೆ. ನಮ್ಮಜ್ಜಿ ಎರೆಮಣ್ಣನ್ನು ರಾತ್ರಿಯಿಡೀ ನೆನೆಸಿ, ಸೋಸಿ, ತಲೆಗೆ ಹಚ್ಚಿ ತೊಳೆಯುತ್ತಿದ್ದರು. ಒಣಗಿದ ಮೇಲೆ ಅವರ ಕೂದಲು ಅರಳಿ ನಿಲ್ಲುತ್ತಿದ್ದುದರ ಕಾರಣ ನನಗೆ ಈಗ ಅರ್ಥವಾಗುತ್ತಿದೆ.

ಮೊದಲ ಎರಡು ದಿನ ಫಲ ಕೆಟ್ಟದ್ದಾಗಿತ್ತು, ಏಕೆಂದರೆ ಅರೆಬರೆ ಒದ್ದೆಯಾದ ಕೂದಲಿಗೆ ಹಚ್ಚಿದ್ದೆ. ಮೂರನೆಯ ದಿನ ಕೂದಲನ್ನು ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಕುಳಿತು, ಪೂರ್ತಿ ಒಣಗಿದ ಮೇಲೆ ಹಚ್ಚಿದೆ. ಉಗುರಿನ ಬೆನ್ನಿನಿಂದ ಕೆರೆದು ತೆಗೆದರೆ ಬರುವುದು ಒಂದು ಹಸಿ ಬಟಾಣಿ ಕಾಳಿನಷ್ಟು. ಅಂಗೈಗಳ ನಡುವೆ ಉಜ್ಜುವಾಗ ಮೊದಲು ಮರಳು ಮರಳಾಗಿ ತಾಗುತ್ತದೆ, ಎಂಟು ಹತ್ತು ಸಲ ಉಜ್ಜುವಷ್ಟರಲ್ಲಿ ಮೇಣ ಕರಗಿ ಅಂಗೈ ಮೇಲೆ ಬೂದು ಬಣ್ಣದ ತೆಳು ಪದರವಷ್ಟೇ ಉಳಿಯುತ್ತದೆ. ಗಂಟು ಕಾಣದಂತಾದ ಮೇಲೆಯೇ ತಲೆಗೆ ಕೈ ಹಾಕಬೇಕು. ಹಿಂದಿನಿಂದ ಮುಂದಕ್ಕೆ, ಬುಡದ ಹತ್ತಿರ ಬೆರಳಾಡಿಸಿ, ಕೈಯಲ್ಲಿ ಉಳಿದ ಅಂಶವನ್ನು ಕೊನೆಗೆ ಮುಂಗೂದಲಿಗೆ ಸವರಬೇಕು. ಮೊದಲೇ ಮುಂಗೂದಲಿಗೆ ಹಚ್ಚಿದರೆ ಅತ್ಯಂತ ತೆಳುವಾದ ಜಾಗಕ್ಕೆ ಅತ್ಯಂತ ಹೆಚ್ಚು ಭಾರ ಬೀಳುತ್ತದೆ. ಸರಾಸರಿ ತೂಕ ದಿನಕ್ಕೆ 0.4 ಗ್ರಾಂ. ಸಂಜೆ 6ರ ಫೋಟೋದಲ್ಲಿ ಬೆವರು ಕೂದಲನ್ನು ಕುಚ್ಚುಗಟ್ಟಿಸಿರಲಿಲ್ಲ. ಹೆಲ್ಮೆಟ್ ಒತ್ತಿದ ಗುರುತನ್ನು ಒಣ ಬೆರಳಿನಿಂದಲೇ ಎಬ್ಬಿಸಬಹುದಾಗಿತ್ತು. ಜೆಲ್‌ನಲ್ಲಿ ಇದು ಆಗದ ಮಾತು.

ಒಂದು ಕೊರತೆಯಿದೆ. ನಲ್ಲಿಯಲ್ಲಿ ತುಂಗಭದ್ರೆಯ ನೀರು ಬಂದ ದಿನ ಶಾಂಪೂವಿನ ಒಂದೇ ತೊಳೆತಕ್ಕೆ ಇದು ಹೋಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ನೊರೆ ಸರಿಯಾಗಿ ಏಳದೆ ಎರಡು ಸಲ ತೊಳೆಯಬೇಕಾಯಿತು.

ಏಪ್ರಿಲ್ 19

ಬುಡಕ್ಕೆ ಉದುರಿಸುವ ಪೌಡರ್. ಸಿಲಿಕಾ ಸಿಲೈಲೇಟ್ ಎಂಬ ಅತಿ ಹಗುರವಾದ ಪುಡಿ ಕೂದಲ ಎಳೆಗಳ ನಡುವೆ ತಿಕ್ಕಾಟ ಹೆಚ್ಚಿಸಿ ಅವನ್ನು ಎಬ್ಬಿಸಿ ನಿಲ್ಲಿಸುತ್ತದೆ. ಎತ್ತರ ಚೆನ್ನಾಗಿ ಬರುತ್ತದೆ. ಹೆಲ್ಮೆಟ್ ತೆಗೆದ ಮೇಲೆ ಮತ್ತೆ ಒಂದು ಚಿಟಿಕೆ ಬೇಕಾಗುತ್ತದೆ, ಮುಟ್ಟಿದರೆ ಕೂದಲು ಒರಟಾಗಿ ಸಿಕ್ಕುಗಟ್ಟಿರುತ್ತದೆ. ಸಿಕ್ಕು ಬಿಡಿಸುವಾಗ ಬಾಚಣಿಗೆಗೆ ಬಂದ ಎಳೆಗಳನ್ನು ಕಂಡು ಮೂರೇ ದಿನಕ್ಕೆ ನಿಲ್ಲಿಸಿದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೆಂದು ವೈದ್ಯರು ಹೇಳಿದ್ದಾರೆ, ಆದರೂ ಎಳೆದು ಕಿತ್ತುಕೊಳ್ಳುವುದು ಬೇರೆ. ಮನೆಯಲ್ಲೇ ಉಪ್ಪುನೀರಿನ ಸ್ಪ್ರೇ ಮಾಡಿಯೂ ನೋಡಿದೆ. ಎರಡು ಗಂಟೆ ಸೊಗಸಾಗಿತ್ತು, ಸಂಜೆಗೆ ಕೂದಲು ಒಣಹುಲ್ಲಿನಂತಾಯಿತು. ಬೆವರೇ ಉಪ್ಪು ತರುವ ಈ ಊರಿಗೆ ಇನ್ನಷ್ಟು ಉಪ್ಪು ಬೇಡ.

ಏಪ್ರಿಲ್ 26

ಹೇರ್ ಫೈಬರ್ ಕುರಿತು ಬರೆಯುವಾಗ ಮನಸ್ಸಿಗೆ ಸ್ವಲ್ಪ ನೋವಾಗುತ್ತದೆ. ಕೆರಾಟಿನ್‌ನಿಂದ ಮಾಡಿದ ಈ ಸೂಕ್ಷ್ಮ ನಾರಿನ ಪುಡಿ ಸ್ಥಿರ ವಿದ್ಯುತ್ತಿನ ಸೆಳೆತದಿಂದ ಇರುವ ಕೂದಲಿಗೆ ಅಂಟಿಕೊಂಡು ಎಳೆಯನ್ನು ದಪ್ಪವಾಗಿ ತೋರಿಸುತ್ತದೆ. ಕೂದಲೇ ಇಲ್ಲದ ಜಾಗದಲ್ಲಿ ಇದರಿಂದ ಪ್ರಯೋಜನವಿಲ್ಲ. ಬೆಳಿಗ್ಗೆ ಉದುರಿಸಿ ಕನ್ನಡಿ ನೋಡಿದಾಗ ಹತ್ತು ವರ್ಷ ಹಿಂದಿನ ನನ್ನ ತಲೆಯೇ ಅಲ್ಲಿತ್ತು. ಅದೇ ಉತ್ಸಾಹದಲ್ಲಿ ಅಕ್ಕನ ಮಗಳ ಮದುವೆಗೆ ಹೋದೆ. ಮಧ್ಯಾಹ್ನದ ಶಾಮಿಯಾನದಡಿ ಊಟ ಬಡಿಸಲು ನಿಂತು ಅರ್ಧ ಗಂಟೆಯಾಗಿತ್ತು. ಕರವಸ್ತ್ರದಿಂದ ಹಣೆ ಒರೆಸಿಕೊಂಡಾಗ ಬಟ್ಟೆಯ ಮೇಲೆ ಕಪ್ಪು ಪಟ್ಟೆ ಮೂಡಿತು, ಬಿಳಿ ಅಂಗಿಯ ಕಾಲರಿಗೂ ಇಳಿದಿತ್ತು. ಅಕ್ಕ ಗಮನಿಸಿ, ಯಾರಿಗೂ ತಿಳಿಯದಂತೆ ನನ್ನನ್ನು ಒಳಗೆ ಕರೆದು, "ತಲಿ ತೊಳಕೊಂಡು ಬಾರಪ್ಪ, ನೀ ಹೆಂಗಿದ್ರೂ ನಮ್ಮ ಹುಡುಗನ," ಎಂದು ಟವೆಲ್ ಕೊಟ್ಟಳು. ಎಸಿ ಇರುವ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ, ಚಳಿಗಾಲದ ಸಂಜೆಯ ಸಮಾರಂಭಕ್ಕೆ, ಇದು ಒಳ್ಳೆಯ ವಸ್ತು ಎಂದೇ ನನ್ನ ಅಭಿಪ್ರಾಯ. ಹೆಲ್ಮೆಟ್ಟಿನೊಳಗೆ ಬೆವರುವ ತಲೆಗೆ ಹೊಂದದು.

ಮೇ 10

ಉಳಿದ ಎರಡು ವಾರ ಕ್ಲೇಯನ್ನೇ ಮುಂದುವರಿಸಿ, ಅದರ ಜೊತೆ ಬರುವ ಬೇರೆ ವಸ್ತುಗಳನ್ನು ಹೊಂದಿಸಿದೆ. ಮಿನಾಕ್ಸಿಡಿಲ್ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಒಣಗಿದ ಮೇಲೂ ಜಿಡ್ಡಿನಂತೆ ಉಳಿಯುವುದರಿಂದ, ಬೆಳಿಗ್ಗೆ ತೊಳೆಯದೆ ಅದರ ಮೇಲೆ ಕ್ಲೇ ಹಚ್ಚಿದ ದಿನ ಕೂದಲು ಮೇಣದ ಬತ್ತಿಯಂತಾಯಿತು. ಬೆಳಿಗ್ಗೆಯೂ ಔಷಧ ಹಚ್ಚುವವರು ಮೊದಲು ಅದನ್ನು ಚರ್ಮಕ್ಕೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಕ್ಲೇಯಂಥ ಬೇರೆ ವಸ್ತುಗಳನ್ನು ಬಳಸಬೇಕು. ಕ್ರಮ ತಿರುವುಮುರುವಾದರೆ ಔಷಧ ಚರ್ಮ ಮುಟ್ಟುವುದೇ ಕಷ್ಟ.

ಬಿಸಿಲಿನ ಮಾತನ್ನೂ ಇಲ್ಲಿ ಸೇರಿಸಬೇಕು. ಕೂದಲು ತೆಳುವಾದ ನೆತ್ತಿ ಸುಡುತ್ತದೆ, ಈ ತಿಂಗಳಲ್ಲಿ ಒಮ್ಮೆ ಚರ್ಮ ಸಿಪ್ಪೆ ಎದ್ದಿತು. ಸನ್‌ಸ್ಕ್ರೀನ್ ಲೋಷನ್ ಕೂದಲಿಗೆ ಮೆತ್ತಿ ಎಣ್ಣೆಯಂತೆಯೇ ಕುಚ್ಚುಗಟ್ಟಿಸಿತು. ನೀರಿನಂತೆ ತೆಳುವಾದ ಜೆಲ್ ರೂಪದ್ದನ್ನು ಹತ್ತಿಯ ಉಂಡೆಯಿಂದ ಚರ್ಮಕ್ಕಷ್ಟೇ ಒತ್ತಿದರೆ ಪರವಾಗಿಲ್ಲ. ಮಧ್ಯಾಹ್ನ ಹೊರಗೆ ನಡೆಯಬೇಕಾದಾಗ ನಾನು ಸಡಿಲವಾದ ಹತ್ತಿಯ ಟೋಪಿಯನ್ನೇ ನೆಚ್ಚಿಕೊಂಡಿದ್ದೇನೆ.

ಮೇ 17

ಡಬ್ಬಿಯಲ್ಲಿ 70 ಗ್ರಾಂ ಇತ್ತು, 22 ಕೆಲಸದ ದಿನಗಳ ನಂತರ ಇಂದು ತೂಗಿದಾಗ 61 ಗ್ರಾಂ ಉಳಿದಿದೆ. ಬೇರೆ ಡಬ್ಬಿಗಳನ್ನು ತಮ್ಮನಿಗೆ ಕೊಟ್ಟೆ. ಅವನ ಕೂದಲು ಇನ್ನೂ ದಟ್ಟವಾಗಿದ್ದು, ಜೆಲ್ ಅವನಿಗೆ ಒಪ್ಪುತ್ತದೆ. ಕಟಿಂಗ್ ಅಂಗಡಿಯ ಅಣ್ಣ ಮುಂದಿನ ಬಾರಿ ಸುಳಿಯ ಹತ್ತಿರ ಅರ್ಧ ಸೆಂಟಿಮೀಟರ್ ಇನ್ನೂ ಇಳಿಸಿ ನೋಡೋಣ ಎಂದಿದ್ದಾರೆ. ಜೂನ್‌ನಲ್ಲಿ ಗಾಳಿಗೆ ತೇವ ಬಂದ ಮೇಲೆ ಇದೇ ಕ್ಲೇಯನ್ನು 0.3 ಗ್ರಾಂಗೆ ಇಳಿಸಿ ಮತ್ತೆ ಐದು ದಿನ, ಅದೇ ಟ್ಯೂಬ್‌ಲೈಟಿನ ಕೆಳಗೆ, ಮೂರು ಹೊತ್ತು ಫೋಟೋ ತೆಗೆಯುತ್ತೇನೆ.