ಹೆಸರಿಗೆ ಕತ್ತರಿ ಹಾಕುವ ಮುನ್ನ

ಅಮೆರಿಕದ ಡಲ್ಲಾಸಿನಲ್ಲಿ ನಮ್ಮ ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ರಜೆಗೆ ಶಿವಮೊಗ್ಗಕ್ಕೆ ಹೋಗಿ ಬಂದವಳು ಮೊನ್ನೆ ಅಮ್ಮನಿಗೆ ಹೇಳಿದಳಂತೆ: “ಅಜ್ಜಿ ಮನೇಲಿ ಎಲ್ರಿಗೂ ನನ್ನ ಹೆಸರು ಹೇಳೋಕೆ ಬರುತ್ತೆ. ಆದ್ರೆ ಯಾರೂ ಹೇಳಲ್ಲ, ಪುಟ್ಟಿ ಅಂತಾರೆ. ಇಲ್ಲಿ ಎಲ್ರೂ ಹೇಳ್ತಾರೆ, ಯಾರಿಗೂ ಬರಲ್ಲ.”

ಶಾಲೆಯಲ್ಲಿ ಅವಳ ನಾಲ್ಕಕ್ಷರದ ಹೆಸರು ಈಗ ಒಂದಕ್ಷರ. ಹಾಗೆ ಇಳಿಸಿದ್ದು ಶಾಲೆಯವರಲ್ಲ. ದಾಖಲಾತಿ ಅರ್ಜಿಯಲ್ಲಿ ‘ಪ್ರಿಫರ್ಡ್ ನೇಮ್’, ಅಂದರೆ ಮಗುವನ್ನು ಏನೆಂದು ಕರೆಯಬೇಕು ಎಂಬ ಕಲಂ ಇರುತ್ತದೆ. ಮಗು ಒಂಟಿಯಾಗದಿರಲಿ ಎಂಬ ಕಳಕಳಿಯಿಂದ ಹೆತ್ತವರೇ ಅಲ್ಲಿ ತುಂಡು ಹೆಸರು ಬರೆದುಬಿಡುತ್ತಾರೆ. ದಯವಿಟ್ಟು ಅಲ್ಲಿ ಪೂರ್ತಿ ಹೆಸರನ್ನೇ ಬರೆಯಿರಿ.

ಉಚ್ಚಾರ ಕೆಡುವುದಕ್ಕೆ ಅಮೆರಿಕನ್ನರ ಅಸಡ್ಡೆಯೊಂದೇ ಕಾರಣವಲ್ಲ, ನಮ್ಮ ಸ್ಪೆಲಿಂಗೂ ಕಾರಣ. ‘ಗೀತಾ’ದ ತಕಾರಕ್ಕೆ ನಾವು ಟಿ ಜೊತೆ ಎಚ್ ಸೇರಿಸುತ್ತೇವೆ. ಇಂಗ್ಲಿಷ್ ಕಣ್ಣಿಗೆ ಅದು ‘ಥಿಂಕ್’ ಪದದ, ಹಲ್ಲುಗಳ ನಡುವೆ ನಾಲಗೆ ಇಟ್ಟು ಉಸಿರುವ ಧ್ವನಿ. ರಮಾ, ರಾಮ ಎರಡಕ್ಕೂ ಒಂದೇ ಸ್ಪೆಲಿಂಗ್. ದೀರ್ಘ ಎಲ್ಲಿದೆ ಎಂದು ಊಹಿಸಲು ಅವರಿಗೆ ದಾರಿಯೇ ಇಲ್ಲ. ಜೊತೆಗೆ, ಇಂಗ್ಲಿಷ್ ಒಂದು ಕಡೆ ಒತ್ತು ಹಾಕಿ ಉಳಿದ ಸ್ವರಗಳನ್ನು ನುಂಗುತ್ತದೆ.

ಹಾಗಾಗಿ ಆಗಸ್ಟಿನಲ್ಲಿ ತರಗತಿ ಶುರುವಾಗುವ ಮೊದಲೇ, ಮಗುವಿನದೇ ದನಿಯಲ್ಲಿ ಹತ್ತು ಸೆಕೆಂಡಿನ ಧ್ವನಿಮುದ್ರಣ ಶಿಕ್ಷಕಿಗೆ ಕಳಿಸಿ: ಒಮ್ಮೆ ಬಿಡಿಬಿಡಿಯಾಗಿ, ಒಮ್ಮೆ ಕೂಡಿಸಿ. ತಿದ್ದುವುದಿದ್ದರೆ ಮೊದಲ ವಾರದಲ್ಲೇ ತಿದ್ದಿ. ತಿಂಗಳು ಕಳೆದರೆ ತಪ್ಪು ಹೆಸರು ಇಡೀ ತರಗತಿಯ ಬಾಯಲ್ಲಿ ಕೂತುಬಿಡುತ್ತದೆ, ಆಮೇಲೆ ತಿದ್ದಲು ಮಗುವೇ ಸಂಕೋಚಪಡುತ್ತದೆ. ಅವರಿಗೆ ಳ, ಣ ಬರದಿದ್ದರೆ ಪರವಾಗಿಲ್ಲ. ನಾಲ್ಕಕ್ಷರ ನಾಲ್ಕಾಗಿಯೇ ಉಳಿಯಲಿ.

ಕಾಗದಪತ್ರಗಳ ಕೆಲಸವನ್ನು ಊರಲ್ಲೇ ಮುಗಿಸಿಕೊಳ್ಳಬೇಕು. ಅಪ್ಪನ ಹೆಸರು, ಊರಿನ ಹೆಸರು ನಮ್ಮಲ್ಲಿ ಇನಿಷಿಯಲ್ಲಾಗಿ ಮುಂದೆ ಕೂರುತ್ತವೆ. ಸರ್‌ನೇಮ್ ಇಲ್ಲದವರು ಬಹಳ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮಿಗೆ ಹೋಗಿ, ಮೊದಲ ಹೆಸರಿರಬೇಕಾದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಪ್ಪ ಅಮ್ಮ ಆರಿಸಿ ಇಟ್ಟ ಹೆಸರಿರುವವರಿಗೆ ಇದು ನೋವಿನ ಮಾತು. 2022ರ ನವೆಂಬರಿನಲ್ಲಿ ಯುಎಇ ಕೂಡ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಭೇಟಿ ವೀಸಾ ನಿಲ್ಲಿಸಿತು. ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿತು. ಪಾಸ್‌ಪೋರ್ಟಿನಲ್ಲಿ ಹೇಗೂ ಇನಿಷಿಯಲ್ ಬಿಡಿಸಿ ಬರೆಯಬೇಕು. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಜಾಗಕ್ಕೆ ಹಾಕಿಸಿಕೊಳ್ಳಿ. ಜಾತಿ ಹೆಸರು ಅಂಟಿಸಿಕೊಳ್ಳುವ ಅಗತ್ಯವಿಲ್ಲ.

ಬೆಂಗಳೂರಿನ ಬೀದಿಬೀದಿಯಲ್ಲಿ ಮಣಿಪುರ, ನಾಗಾಲ್ಯಾಂಡಿನ ಯುವಕ ಯುವತಿಯರು ದುಡಿಯುತ್ತಿದ್ದಾರೆ. ಅವರ ಹೆಸರನ್ನು ಕೇಳಿ ಕಲಿತವರು ನಮ್ಮಲ್ಲಿ ಎಷ್ಟು ಜನ? ಡಲ್ಲಾಸಿನ ಶಿಕ್ಷಕಿಯನ್ನು ದೂರುವಾಗ ಇದು ನೆನಪಾಗಿ ಮನಸ್ಸು ಚುಚ್ಚುತ್ತದೆ.

ಮನೆಯಲ್ಲಿ ನಾವೂ ಪುಟ್ಟಿ ಅನ್ನುವುದಿಲ್ಲವೇ ಎಂದು ಆ ತಾಯಿ ಕೇಳಿದರು. ಅನ್ನುತ್ತೇವೆ. ಆದರೆ ಪುಟ್ಟಿ ಅನ್ನುವ ಆ ಅಜ್ಜಿ, ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಪೂರ್ತಿ ಹೆಸರನ್ನು ಮೂರು ಸಲ ಹೇಳಿದವರು.