ಬಸರಿ ಮರದ ಬಾಡಿಗೆ

ಕೊಡಗಿನ ನಮ್ಮ ಕಾಫಿ ತೋಟದ ಮಧ್ಯೆ ಒಂದು ಬಸರಿ ಮರ ಇದೆ, ಆಲ, ಅತ್ತಿಯ ಜಾತಿಯದು. ಬುಡ ತಬ್ಬಲು ನಾಲ್ಕು ಜನ ಬೇಕು. ಅದರ ಕೆಳಗಿನ ಕಾಫಿ ಗಿಡದಲ್ಲಿ ಕಾಯಿ ಕಚ್ಚುವುದು ಅಷ್ಟಕ್ಕಷ್ಟೇ. ನಮ್ಮ ಭಾವ, ಅಂದರೆ ನಮ್ಮವರ ಅಣ್ಣ, ಬಂದಾಗಲೆಲ್ಲ ಅಲ್ಲಿ ನಿಂತು ಒಂದೇ ಲೆಕ್ಕ ಹೇಳುತ್ತಾರೆ. "ಇದರ ಜಾಗದಲ್ಲಿ ಹತ್ತು ಸಿಲ್ವರ್ ಕೂರಿಸಿ, ಹತ್ತಕ್ಕೂ ಮೆಣಸಿನ ಬಳ್ಳಿ ಬಿಟ್ಟಿದ್ರೆ ಎಷ್ಟಾಗ್ತಿತ್ತು, ನೀನೇ ಹೇಳಮ್ಮ."

ಭಾವನ ಲೆಕ್ಕದಲ್ಲಿ ತಪ್ಪಿಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ದುಡ್ಡು ಬೇಕಾದಾಗ ಕಡಿದು ಮಾರಬಹುದು. ಅದೇ ಬೀಟೆ, ನಂದಿ, ಹೊನ್ನೆ ಅಂದರೆ ಕಥೆ ಬೇರೆ. ಅರಣ್ಯ ಇಲಾಖೆಯ ಅನುಮತಿ ಬೇಕು. ಜಾಗ ಬಾಣೆಯಾ (ಹಿಂದೆ ಗದ್ದೆಯ ಜೊತೆಗೆ ಕೊಟ್ಟ ಕಾಡುಜಾಗ), ಮರದ ಹಕ್ಕು ನಮ್ಮದಾ ಸರ್ಕಾರದ್ದಾ ಅಂತ ಫೈಲ್ ಹಿಡಿದು ಅಲೆಯಬೇಕು. ಹಾಗಾಗಿ ಹಳೆ ಕಾಡುಮರ ಬಿದ್ದ ಕಡೆಯಲ್ಲೆಲ್ಲ ಸಿಲ್ವರ್ ಬಂದು ನಿಂತಿದೆ. ಆಸ್ಟ್ರೇಲಿಯಾದ ಮರ. ರಸ್ತೆಯಿಂದ ನೋಡಿದರೆ ತೋಟ ಹಸಿರಾಗೇ ಕಾಣುತ್ತದೆ. ಆದರೆ ಹಕ್ಕಿ ತಿನ್ನುವ ಹಣ್ಣು ಅದರಲ್ಲಿ ಬಿಡುವುದಿಲ್ಲ.

ಭಾವನಿಗೆ ನಾನು ಹೇಳುವ ಉತ್ತರವೂ ಒಂದೇ. ಬಸರಿಗೆ ಬಾಡಿಗೆ ಬರುತ್ತಿದೆ.

ನಮ್ಮದು ಕಕ್ಕಬ್ಬೆ ಕಡೆ ಸಣ್ಣ ಹೋಂಸ್ಟೇ. ಮಕ್ಕಳು ಓದಲು ಹೋದ ಮೇಲೆ ಖಾಲಿ ಬಿದ್ದ ಎರಡು ಕೋಣೆ, ಒಂದು ಉದ್ದ ಜಗಲಿ. ಟೀವಿ ಇಲ್ಲ. ಬಸರಿ ಹಣ್ಣಾದಾಗ ಆ ಜಗಲಿಯಲ್ಲಿ ಕೂತರೆ ಸಾಕು. ಹಸಿರು ಪಾರಿವಾಳ, ಕುಟ್ರಹಕ್ಕಿ, ಕೆಂಚಳಿಲು, ಎಲ್ಲಕ್ಕಿಂತ ಜಾಸ್ತಿ ಗಲಾಟೆ ಮಾಡುವ ಬೂದು ಮಂಗಟ್ಟೆ, ಅಂದರೆ ಮಲಬಾರ್ ಗ್ರೇ ಹಾರ್ನ್‌ಬಿಲ್. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಹಕ್ಕಿ ಅದು. ಕೂಗಿದರೆ ಯಾರೋ ಕೆಟ್ಟದಾಗಿ ನಕ್ಕ ಹಾಗಿರುತ್ತದೆ. ಇದನ್ನು ನೋಡಲೆಂದೇ ಜನ ಬರುತ್ತಾರೆ, ಎರಡು ಮೂರು ದಿನ ಇರುತ್ತಾರೆ, ದುಡ್ಡು ಕೊಡುತ್ತಾರೆ. ಕಾಫಿಗೆ ರೇಟು ಬಿದ್ದ ವರ್ಷಗಳಲ್ಲಿ ಕಾರ್ಮಿಕರ ಸಂಬಳ ಈ ದುಡ್ಡಿನಲ್ಲೇ ಹೋಗಿದೆ. ಮರ ಕಡಿಯದೆ ವರ್ಷ ದಾಟುವುದು ಹೇಗೆ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಇದೊಂದೇ ಉತ್ತರ. ಪರಿಸರ ಪ್ರವಾಸೋದ್ಯಮ ಅಂತ ದೊಡ್ಡ ಹೆಸರಿನಲ್ಲಿ ಸಭೆ ಮಾಡುತ್ತಾರಲ್ಲ, ನನ್ನ ಮಟ್ಟಿಗೆ ಅದು ಇಷ್ಟೇ.

ನಮ್ಮ ತೋಟದ ಬೆನ್ನಿಗೇ ಪಾಡಿನಾಲ್ಕುನಾಡು ಮೀಸಲು ಅರಣ್ಯ. 2012ರಲ್ಲಿ ಯುನೆಸ್ಕೋದವರು ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಅದರಲ್ಲಿ ಇದೂ ಇದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳೂ ಇವೆ. ಆಗ ನಮ್ಮ ಜಿಲ್ಲೆಯಲ್ಲೇ ವಿರೋಧ ಜೋರಾಗಿತ್ತು. ನಾಳೆ ನಮ್ಮ ತೋಟಕ್ಕೂ ಬೇಲಿ ಹಾಕುತ್ತಾರೆ ಅನ್ನುವ ಭಯ. ಆ ಭಯವನ್ನು ನಾನು ತಮಾಷೆ ಮಾಡುವುದಿಲ್ಲ. ಆದರೆ ಮಂಗಟ್ಟೆಗೆ ಪಟ್ಟಿ ಗೊತ್ತಿಲ್ಲ, ಸರ್ವೆ ಕಲ್ಲೂ ಗೊತ್ತಿಲ್ಲ. ಬೆಳಿಗ್ಗೆ ಕಾಡಿನಿಂದ ಬಂದು ನಮ್ಮ ಬಸರಿಯಲ್ಲಿ ತಿಂದು ಮಧ್ಯಾಹ್ನ ಇನ್ಯಾರದೋ ತೋಟದಲ್ಲಿ ಬೀಜ ಉದುರಿಸುತ್ತದೆ. ತೋಟದಲ್ಲಿ ಹಳೆ ಮರ ಹೋದರೆ ಕಾಡೂ ಅಷ್ಟು ಕುಗ್ಗಿದ ಹಾಗೇ.

ಅದಕ್ಕೇ ಫೋನಿನಲ್ಲಿ ಮೊದಲ ಪ್ರಶ್ನೆ "ಮೇಡಂ, ಪಾಯಿಂಟ್ಸ್ ಎಷ್ಟು ಕವರ್ ಆಗುತ್ತೆ?" ಅಂತ ಬಂದರೆ, ನಾನು ಮಡಿಕೇರಿಯಲ್ಲೇ ರೂಮ್ ಮಾಡಿ ಅನ್ನುತ್ತೇನೆ. ಬೆಳಿಗ್ಗೆ ಮಾಂದಲ್‌ಪಟ್ಟಿ ಜೀಪು, ಆಮೇಲೆ ಅಬ್ಬಿ, ದುಬಾರೆಯಲ್ಲಿ ಆನೆ, ಸಂಜೆ ರಾಜಾಸೀಟು. ಎರಡು ದಿನದಲ್ಲಿ ಮುಗಿಯುತ್ತದೆ. ನಮ್ಮ ಮನೆ ಅಂಥವರಿಗೆ ಬರೀ ಬೋರು.

ಬಂದವರೆಲ್ಲ ಸುಮ್ನೆ ಕೂರುತ್ತಾರೆ ಅಂತಲೂ ಅಲ್ಲ. ಹಕ್ಕಿ ಪ್ರಿಯರಲ್ಲೂ ತರಹೇವಾರಿ ಇದ್ದಾರೆ. ಮಂಗಟ್ಟೆ ಗೂಡು ಮಾಡುವುದು ಬೇಸಿಗೆಯಲ್ಲಿ, ಹೂಮಳೆ ಬಿದ್ದು ಕಾಫಿ ಹೂವು ಅರಳುವ ಹೊತ್ತಿಗೆ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ ಕೂತು, ಪೊಟರೆಯ ಬಾಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಮರಿ ದೊಡ್ಡದಾಗುವ ತನಕ ಗಂಡೇ ತಂದು ಉಣಿಸಬೇಕು. ಇಂಥ ಪೊಟರೆ ಹಳೆ ಮರದಲ್ಲೇ ಸಿಗುವುದು. ಸಿಲ್ವರ್ ಅಷ್ಟು ವಯಸ್ಸಾಗುವ ಮೊದಲೇ ಲಾರಿ ಹತ್ತಿರುತ್ತದೆ.

ನಮ್ಮ ಕೆಳಗಿನ ತೋಟದ ನಂದಿ ಮರದಲ್ಲಿ ಅಂಥದ್ದೊಂದು ಪೊಟರೆ ಇದೆ. ಕಳೆ ತೆಗೆಯಲು ಬರುವ ಎರವ ಬುಡಕಟ್ಟಿನ ಹೆಂಗಸು ಮೊದಲು ತೋರಿಸಿದ್ದು. ಒಮ್ಮೆ ಇಬ್ಬರು ಅತಿಥಿಗಳು ಉದ್ದ ಲೆನ್ಸು ಹಿಡಿದು ಅದೇ ಮರದ ಬುಡದಲ್ಲಿ ಠಿಕಾಣಿ ಹೂಡಿದರು. ಒಬ್ಬರು ಮೊಬೈಲಿನಲ್ಲಿ ಮಂಗಟ್ಟೆಯದೇ ಕೂಗು ಹಾಕುತ್ತಿದ್ದರು. ಗಂಡು ಬಂದು ಪಕ್ಕದ ಹಲಸಿನ ಮರದಲ್ಲಿ ಕೂತಿತ್ತು. ಗಂಟಲು ಉಬ್ಬಿತ್ತು, ಅಂದರೆ ಒಳಗೆ ಹಣ್ಣು ತುಂಬಿಕೊಂಡಿದೆ. ಒಂದು ಸಲ ಇವರನ್ನು, ಒಂದು ಸಲ ಪೊಟರೆಯನ್ನು, ಹೀಗೆ ಕತ್ತು ಓರೆ ಮಾಡಿ ಮಾಡಿ ನೋಡುತ್ತಿತ್ತು. ಹತ್ತಿರ ಹೋಗಲು ಧೈರ್ಯ ಇಲ್ಲ. ನಾನು ಜಗಲಿಯಿಂದ ಬೈನಾಕ್ಯುಲರಿನಲ್ಲಿ ನೋಡಿ ನೋಡಿ ಸಾಕಾಗಿ, ಕೆಳಗಿಳಿದು ಹೋಗಿ "ಕಡಬು ಆರಿ ಹೋಗುತ್ತೆ, ಬನ್ನಿ" ಅಂದೆ. ಬೈದರೆ ಏಳುತ್ತಿದ್ದರೋ ಇಲ್ಲವೋ, ತಿಂಡಿಗೆ ಎದ್ದರು. ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಗಂಡು ಹಾರಿ ಬಂದು ನಂದಿ ಮರಕ್ಕೆ ಅಂಟಿಕೊಂಡಿತು. ಕತ್ತು ಕೊಡವಿ ಒಂದೊಂದೇ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಟ್ಟಿತು. ಆ ಇಬ್ಬರಿಗೆ ಅದು ಕಂಡಿದ್ದು ಜಗಲಿಯಿಂದಲೇ, ಕಡಬು ತಿನ್ನುತ್ತಾ. ಒಬ್ಬರು ಕ್ಯಾಮೆರಾ ಎತ್ತಲೂ ಮರೆತರು.

ಈಗ ನಂದಿ ಮರದ ಹತ್ತಿರ ಯಾರನ್ನೂ ಬಿಡುವುದಿಲ್ಲ. ಫೋನಿನಲ್ಲಿ ಹಕ್ಕಿ ಕೂಗು ಹಾಕುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಫೋಟೋ ಹಾಕುವಾಗ ಜಾಗದ ಗುರುತು ಹಾಕಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಕ್ಯಾಂಪ್‌ಫೈರ್ ಇದೆಯಾ ಅನ್ನುವುದು ಇನ್ನೊಂದು ಪ್ರಶ್ನೆ. ಮಳೆಗಾಲದಲ್ಲಿ ಒಲೆ ಮುಂದೆ ಜಾಗ ಕೊಡುತ್ತೇನೆ, ಅಷ್ಟೇ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ತೋಟದ ತುಂಬ ಮಿಣುಕು ಹುಳ. ಒಂದು ಮರದಲ್ಲಿ ಸಾವಿರಾರು, ಎಲ್ಲ ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತವೆ. ಗಂಡು ಹೆಣ್ಣಿಗೆ ಕೊಡುವ ಸಿಗ್ನಲ್ಲು ಅದು. ನಮ್ಮ ಬೆಂಕಿಯೋ ಬಲ್ಬೋ ಉರಿದರೆ ಅವುಗಳಿಗೆ ಪರಸ್ಪರ ಕಾಣುವುದೇ ಕಷ್ಟ. ಆ ದಿನಗಳಲ್ಲಿ ಏಳೂವರೆಗೆ ಊಟ ಬಡಿಸಿ ಹೊರಗಿನ ದೀಪ ಆರಿಸುತ್ತೇನೆ. ಟಾರ್ಚ್ ಕೇಳಿದರೆ ಕೆಂಪು ಕಾಗದ ಸುತ್ತಿದ್ದು ಕೊಡುತ್ತೇನೆ.

ಬೆಕ್ಕಿನ ಕಾಫಿ ಕೇಳುವವರೂ ಬರುತ್ತಾರೆ. ಪುನುಗು ಬೆಕ್ಕು ಹಣ್ಣು ತಿಂದು ಹಾಕಿದ ಬೀಜ ತೋಟದಲ್ಲಿ ಸಿಗುತ್ತದೆ, ಸುಳ್ಳಲ್ಲ. ಆದರೆ ಇಂಡೋನೇಷ್ಯಾದಲ್ಲಿ ಇದೇ ಕಾಫಿಗೋಸ್ಕರ ಬೆಕ್ಕುಗಳನ್ನು ಗೂಡಿನಲ್ಲಿ ಕೂಡಿ ಹಣ್ಣು ತಿನ್ನಿಸುವ ದಂಧೆಯೇ ಬೆಳೆದಿದೆ. ಬೇಡಿಕೆ ಬಂದರೆ ಇಲ್ಲೂ ಶುರುವಾಗಲು ಎಷ್ಟು ಹೊತ್ತು? ನಾನು ಮನೆಯ ರೊಬಸ್ಟಾ ಪುಡಿಯನ್ನೇ ಕೊಡುವುದು.

ನೀರಿನ ವಿಷಯ ಬಂದರೆ ಮಾತ್ರ ನಾನು ಸ್ವಲ್ಪ ಜಗಳಗಂಟಿ. ಮನೆ ಹಿಂದಿನ ತೋಡಿನಲ್ಲಿ ಶಾಂಪೂ ಹಾಕಿ ಸ್ನಾನ ಮಾಡಲು ಹೊರಟಿದ್ದ ಒಬ್ಬ ಹುಡುಗನನ್ನು ತಡೆದೆ. "ಆಂಟಿ, ಹರಿಯೋ ನೀರಲ್ವಾ?" ಅಂದ. ಎಲ್ಲಿಗೆ ಹರಿಯುತ್ತೆ ಅಂತ ಕೇಳಿದೆ. ಗೊತ್ತಿರಲಿಲ್ಲ. ಈ ತೋಡು ಕಕ್ಕಬ್ಬೆ ಹೊಳೆಗೆ, ಆ ಹೊಳೆ ಕಾವೇರಿಗೆ, ಕಾವೇರಿ ಕೆ.ಆರ್.ಎಸ್.ಗೆ, ಮುಂದೆ ತೊರೆಕಾಡನಹಳ್ಳಿಯಿಂದ ಪಂಪಾಗಿ ಬೆಂಗಳೂರಿಗೆ. ಅವನು ಇರುವುದು ಜಯನಗರದಲ್ಲಿ. "ನಮ್ಮನೆಗೆ ಕಾವೇರಿ ಕನೆಕ್ಷನ್ನೇ" ಅಂತ ಹಿಂದಿನ ರಾತ್ರಿ ತಾನೇ ಹೆಮ್ಮೆಯಿಂದ ಹೇಳಿದ್ದ.

ಕಸದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಮನೆ ತನಕ ಕಸದ ಗಾಡಿ ಬರುವುದಿಲ್ಲ. ಒಲೆಗೆ ಹಾಕಿದರೆ ವಾಸನೆ, ಹೂತರೆ ಮಳೆಗೆ ಮೇಲೆ ಬರುತ್ತದೆ. ಅದಕ್ಕೆ ಬಂದ ಕೂಡಲೇ ಒಂದು ಬಟ್ಟೆ ಚೀಲ ಕೊಡುತ್ತೇನೆ. ಚಿಪ್ಸ್ ಪ್ಯಾಕೆಟ್ಟು, ಬಾಟಲಿ ಎಲ್ಲ ಅದರಲ್ಲಿ ತುಂಬಿ ನಿಮ್ಮ ಊರಿಗೇ ತಗೊಂಡು ಹೋಗಿ. ಚೀಲ ವಾಪಸ್ ಕೊಡಬೇಕಾಗಿಲ್ಲ.

ತಡಿಯಂಡಮೋಳ್ ಹತ್ತುವವರು ನಮ್ಮಲ್ಲಿ ಉಳಿಯುವುದುಂಟು. 1748 ಮೀಟರ್, ಕೊಡಗಿನಲ್ಲಿ ಇದೇ ಅತಿ ಎತ್ತರ. ದಾರಿ 1792ರಲ್ಲಿ ಕಟ್ಟಿದ ನಾಲ್ಕುನಾಡು ಅರಮನೆಯ ಹತ್ತಿರದಿಂದ ಶುರು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಮಾಡಿಸಿಕೊಳ್ಳಿ. ಊರಿನ ಹುಡುಗನೊಬ್ಬನನ್ನು ಜೊತೆಗೆ ಕಳಿಸುತ್ತೇನೆ. ಅವನ ದುಡ್ಡು ನನ್ನ ಬಿಲ್ಲಿನಲ್ಲಿ ಇರುವುದಿಲ್ಲ, ಅವನ ಕೈಗೇ ಕೊಡಿ. ಮೇಲೆ ಹುಲ್ಲುಗಾವಲಿನಲ್ಲಿ ಕಾಲುದಾರಿ ಬಿಟ್ಟು ನಡೆಯಬೇಡಿ, ಬರಿಯ ಮಣ್ಣು ಎದ್ದರೆ ಒಂದೇ ಮಳೆಗೆ ಕೊರಕಲು ಬೀಳುತ್ತದೆ. ದಾರಿಯಲ್ಲಿ ದೇವರಕಾಡು ಸಿಕ್ಕಿದರೆ ಹೊರಗಿನಿಂದಲೇ ಕೈ ಮುಗಿಯಿರಿ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಯಾವ ಕಾನೂನೂ ಇಲ್ಲದ ಕಾಲದಿಂದ ಅಲ್ಲಿ ಕಡ್ಡಿ ಮುರಿಯದೆ ಉಳಿಸಿಕೊಂಡು ಬಂದಿದ್ದಾರೆ. ಒತ್ತುವರಿಯೂ ಆಗಿದೆ, ಅದು ನಮ್ಮವರದೇ ಕೆಲಸ.

ಸಂಜೆ ಆರರ ಮೇಲೆ ಗೇಟು ದಾಟುವಂತಿಲ್ಲ. ಹಲಸಿನ ಕಾಲದಲ್ಲಿ ಐದಕ್ಕೇ. ಆನೆ ಎಲ್ಲಿದೆ ಅಂತ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ. ಅದನ್ನು ಓದಿ "ಹೋಗಿ ನೋಡೋಣ್ವಾ?" ಅನ್ನುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ನಡೆದುಕೊಂಡು ಬರುವವರು ಆನೆ ಕಾಲಿಗೆ ಸಿಕ್ಕಿ ಸತ್ತ ಜಿಲ್ಲೆ ಇದು. ನಿಮಗೆ ರೀಲ್ಸು, ಅವರಿಗೆ ಅದು ಕೆಲಸದ ದಾರಿ.

ಜುಲೈ, ಆಗಸ್ಟಿನಲ್ಲಿ ನಾನು ಬುಕಿಂಗ್ ತಗೊಳ್ಳುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಬೆಟ್ಟಗಳು ಜಾರಿದ್ದು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದು, ಎರಡೂ ಅದೇ ತಿಂಗಳು. ಮಳೆ ವಿಪರೀತ ಬಂತು, ನಿಜ. ಇಳಿಜಾರನ್ನು ಜೇಸಿಬಿಯಲ್ಲಿ ಕಡಿದು ಮಟ್ಟ ಮಾಡಿದ್ದೂ ಕಾರಣ ಅಂತ ಭೂವಿಜ್ಞಾನಿಗಳೇ ಹೇಳಿದರು. ಹಾಗೆ ಮಟ್ಟ ಮಾಡಿದ್ದು ಎಷ್ಟೋ ಕಡೆ ರೂಮು ಕಟ್ಟಲಿಕ್ಕೇ. ನೀವು ಬುಕ್ ಮಾಡುವ ಮೊದಲು ಫೋಟೋದಲ್ಲಿ ಆ 'ವ್ಯಾಲಿ ವ್ಯೂ' ಹೇಗೆ ಬಂತು ಅಂತ ಒಂದು ಸಲ ನೋಡಿ. ಕೆಂಪು ಮಣ್ಣಿನ ಗೋಡೆ ಹಿಂದೆ ಕಾಣುತ್ತಿದ್ದರೆ ಬೇರೆ ಜಾಗ ಹುಡುಕಿ.

ಬರುವವರಿಗೆ: ಮಡಿಕೇರಿಯಿಂದ ನಾಪೋಕ್ಲು ಮೇಲೆ ಬಸ್ಸಿದೆ, ವಿರಾಜಪೇಟೆ ಕಡೆಯಿಂದಲೂ ಇದೆ. ಕಾರು ತರಲೇಬೇಕು ಅಂತಿಲ್ಲ, ಸ್ಟಾಪಿಗೆ ನಮ್ಮವರು ಜೀಪ್ ತರುತ್ತಾರೆ. ಇಂಬಳಕ್ಕೆ ಉದ್ದ ಕಾಲುಚೀಲ ತನ್ನಿ. ಸ್ಪೀಕರ್ ತರಬೇಡಿ. ಮಾಂಸ ಬೇಡದವರು ಮೊದಲೇ ಹೇಳಿದರೆ ಬಿದಿರು ಕಣಲೆ ಸಿಕ್ಕ ಕಾಲದಲ್ಲಿ ಅದರ ಸಾರು ಮಾಡುತ್ತೇನೆ. ಶನಿವಾರ, ಭಾನುವಾರ ತುಂಬಿದೆ. ಮಂಗಳವಾರದಿಂದ ಗುರುವಾರದ ತನಕ ಖಾಲಿ ಇದೆ, ರೇಟೂ ಸ್ವಲ್ಪ ಕಡಿಮೆ.